ಕಡಲಾಚೆಯ ದಾದಿಯೂ ಅವಳ ನೋಂದಣಿಯೂ

ಇಂಜಿನಿಯರಿಂಗ್ ಓದಿದವನೊಬ್ಬನು ಪರದೇಶದ ಕಚೇರಿಯಲ್ಲಿ ಕುಳಿತು ಕೆಲಸವನ್ನಾರಂಭಿಸುವುದಕ್ಕೆ, ಕೆಲಸ ಕೊಡುವವರ ಒಪ್ಪಿಗೆಯೂ ಆ ದೇಶದ ವೀಸಾವೂ ಇದ್ದರೆ ಬಹುಮಟ್ಟಿಗೆ ಸಾಕು. ಆದರೆ ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿ, ಅನಂತರ ಐ.ಸಿ.ಯು.ನಲ್ಲಿ ಹಗಲಿರುಳೆನ್ನದೆ ದುಡಿದು, ಡಾಕ್ಟರು ಬರುವ ಮೊದಲೇ ರೋಗಿಯ ಮುಖ ನೋಡಿ ಅವನ ಸ್ಥಿತಿಯನ್ನು ಹೇಳಬಲ್ಲ ದಾದಿಯೊಬ್ಬಳು ಲಂಡನ್ನಿನ ಆಸ್ಪತ್ರೆಯಲ್ಲಿ ತನ್ನ ಹೊಣೆಯ ಮೇಲೆ ಒಂದು ಮಾತ್ರೆಯನ್ನು ಕೊಡಬೇಕಾದರೂ ಆ ದೇಶದ ನೋಂದಣಿ ಪುಸ್ತಕದಲ್ಲಿ ಅವಳ ಹೆಸರು ಮೊದಲು ಏರಿರಬೇಕು. ಅಲ್ಲಿಯವರೆಗೆ ಅವಳ ಓದು ಓದೇ, ಅನುಭವ ಅನುಭವವೇ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅವಳು ದಾದಿಯಲ್ಲ. ಈ ಕಟ್ಟುಪಾಡನ್ನು ಕಂಡು, ತಮ್ಮ ಮಗಳ ವಿದ್ಯೆಯನ್ನು ಪರದೇಶದವರು ಕೀಳುಗಳೆದರೆಂದು ನೊಂದುಕೊಳ್ಳುವ ತಂದೆತಾಯಿಗಳುಂಟು. ಹಾಗೆ ನೊಂದುಕೊಳ್ಳುವುದಕ್ಕೆ ಮುಂಚೆ, ಈ ನೋಂದಣಿ ಏಕೆ ಹುಟ್ಟಿತು, ಅದರ ದಾರಿ ಎಂತಹುದು, ಅದರಲ್ಲಿ ನ್ಯಾಯವಾದದ್ದೆಷ್ಟು ಅಲ್ಲದ್ದೆಷ್ಟು ಎಂಬುದನ್ನು ಸಾವಧಾನವಾಗಿ ವಿಚಾರಿಸುವುದು ಲೇಸು. ಎಲ್ಲ ದೇಶಗಳ ಪದ್ಧತಿಗಳನ್ನೂ ಒಟ್ಟಿಗೆ ಹೇಳಹೊರಟರೆ ಗೋಜಲಾದೀತಾದ್ದರಿಂದ, ಈಚಿನ ವರ್ಷಗಳಲ್ಲಿ ನಮ್ಮವರು ಬಹುಸಂಖ್ಯೆಯಲ್ಲಿ ಹೋಗಿರುವ ಬ್ರಿಟನ್ನಿನ ಪದ್ಧತಿಯನ್ನೇ ಇಲ್ಲಿ ಮುಖ್ಯವಾಗಿ ಹಿಡಿದಿದ್ದೇನೆ.

ದಾದಿಯರ ಹೆಸರುಗಳನ್ನು ಸರಕಾರದ ಪುಸ್ತಕದಲ್ಲಿ ಬರೆದಿಡಬೇಕೆಂಬ ವಿಚಾರ ಬಹಳ ಹಳೆಯದೇನೂ ಅಲ್ಲ. 1901ರಲ್ಲಿ ನ್ಯೂಜಿಲೆಂಡ್ ಅದಕ್ಕಾಗಿಯೇ ಪ್ರತ್ಯೇಕ ಕಾಯಿದೆಯೊಂದನ್ನು ಮಾಡಿ ಲೋಕಕ್ಕೆ ದಾರಿ ತೋರಿತು. ಬ್ರಿಟನ್ನಿನಲ್ಲಿ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಎಂಬ ಛಲವಂತ ಮಹಿಳೆ 1880ರ ದಶಕದಿಂದ ಹಟ ಹಿಡಿದು ಹೋರಾಡಿದ ಮೇಲೆ 1919ರಲ್ಲಿ ಅಲ್ಲಿಯೂ ಕಾಯಿದೆಯಾಯಿತು. 1921ರಲ್ಲಿ ಪುಸ್ತಕವನ್ನು ತೆರೆದಾಗ ಅದರ ಮೊದಲನೆಯ ಹೆಸರು ಆಕೆಯದೇ ಆಯಿತು. ಇದರಲ್ಲಿ ಕುತೂಹಲಕರವಾದ ಸಂಗತಿಯೆಂದರೆ, ಆಧುನಿಕ ಶುಶ್ರೂಷೆಯ ಮೂಲಮಾತೆಯೆಂದು ಲೋಕವೆಲ್ಲ ಕೊಂಡಾಡುವ ಫ್ಲಾರೆನ್ಸ್ ನೈಟಿಂಗೇಲ್ ಈ ನೋಂದಣಿಯನ್ನು ಬಲವಾಗಿ ವಿರೋಧಿಸಿದ್ದಳೆಂಬುದು. ಒಳ್ಳೆಯ ದಾದಿಯನ್ನು ಒಳ್ಳೆಯ ದಾದಿಯನ್ನಾಗಿ ಮಾಡುವುದು ಅವಳ ಶೀಲ, ತಾಳ್ಮೆ, ಅಂತಃಕರಣಗಳು. ಇವನ್ನು ಯಾವ ಪರೀಕ್ಷಕನು ಯಾವ ಕಾಗದದ ಮೇಲೆ ಅಳೆದಾನು ಎಂಬುದು ಆಕೆಯ ವಾದದ ತಿರುಳು. ಆ ವಾದ ಸೋತಿತು. ಆದರೆ ಆಕೆ ಎತ್ತಿದ ಪ್ರಶ್ನೆ ಮಾತ್ರ ಸಾಯಲಿಲ್ಲ. ಇಂದಿನ ಪರೀಕ್ಷೆಗಳನ್ನು ನೋಡಿದರೆ ಅದು ಬೇರೊಂದು ವೇಷದಲ್ಲಿ ಹಿಂದಿರುಗಿದೆಯೆಂಬುದನ್ನು ಮುಂದೆ ಹೇಳುತ್ತೇನೆ.

ಈ ತತ್ತ್ವ ನಮಗೂ ಹೊಸದಲ್ಲ. 1947ರ ಕಾಯಿದೆಯಿಂದ ಭಾರತೀಯ ಶುಶ್ರೂಷಾ ಪರಿಷತ್ತು ರೂಪುಗೊಂಡಿತು. ನಮ್ಮ ರಾಜ್ಯದ ಶುಶ್ರೂಷಾ ಪರಿಷತ್ತಿಗೆ 1961ರ ಕಾಯಿದೆಯ ಆಧಾರವಿದೆ. ಕರ್ನಾಟಕದಲ್ಲಿ ನೋಂದಾಯಿತಳಾದ ದಾದಿ ಮಹಾರಾಷ್ಟ್ರಕ್ಕೆ ಹೋಗಿ ಕೆಲಸ ಮಾಡಬೇಕಾದರೂ ಅಲ್ಲಿನ ಪರಿಷತ್ತಿನ ಬಾಗಿಲನ್ನು ತಟ್ಟಲೇಬೇಕು. ರೋಗಿಗೆ ತನ್ನ ಕೈಗೆ ಸೂಜಿ ಚುಚ್ಚುವವರ ವಿದ್ಯೆಯನ್ನು ಪರೀಕ್ಷಿಸುವ ಶಕ್ತಿಯಾಗಲಿ ಸಮಯವಾಗಲಿ ಇಲ್ಲದಿರುವುದರಿಂದ, ಅವನ ಪರವಾಗಿ ಆ ಕೆಲಸವನ್ನು ಯಾರಾದರೂ ಮುಂಚಿತವಾಗಿ ಮಾಡಿರಬೇಕು. ನೋಂದಣಿಯ ಅರ್ಥ ಇಷ್ಟೆ.

ಬ್ರಿಟನ್ನಿನಲ್ಲಿ ಈ ಹೊಣೆಯನ್ನು ಹೊತ್ತಿರುವುದು ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್. ನಮ್ಮ ದಾದಿಯರ ಬಾಯಲ್ಲಿ ಎನ್.ಎಂ.ಸಿ. 2024ರ ಮಾರ್ಚ್ ಅಂತ್ಯಕ್ಕೆ ಅದರ ಪುಸ್ತಕದಲ್ಲಿ 8 ಲಕ್ಷ 26 ಸಾವಿರ ಮಂದಿಯ ಹೆಸರುಗಳಿದ್ದುವು. ಅವರಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಹೊರದೇಶಗಳಲ್ಲಿ ಓದಿದವರು, ಹಾಗೆ ಓದಿ ಬಂದವರಲ್ಲಿ ಭಾರತದವರದೇ ಮೊದಲನೆಯ ಸ್ಥಾನ. ಈ ಸಂಖ್ಯೆಯಲ್ಲಿ ನಮ್ಮ ನಾಡಿನ ಕಾಲೇಜುಗಳ ಪಾಲು ಸಣ್ಣದಿರಲಾರದು. ದೇಶದಲ್ಲಿ ಅತ್ಯಧಿಕ ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೇರಳದಿಂದ ಬಂದು ಇಲ್ಲಿ ಓದಿ, ವಾರ್ಡಿನ ಅಜ್ಜಅಜ್ಜಿಯರಿಂದಲೇ ಕನ್ನಡ ಕಲಿತು, ಇಲ್ಲಿಂದಲೇ ಕಡಲು ದಾಟಿದವರು ಅಸಂಖ್ಯಾತ. ಈ ವೃತ್ತಿಯಲ್ಲಿ ಈಗ ಪುರುಷರೂ ಸಾಕಷ್ಟಿದ್ದಾರೆ. ನಿಯಮಗಳು ಇಬ್ಬರಿಗೂ ಒಂದೇ.

ದಾರಿಯ ಮೊದಲ ತಡೆ ಭಾಷೆಯದು. ಓದಿದ್ದೆಲ್ಲ ಇಂಗ್ಲಿಷಿನಲ್ಲಿಯೇ ಆದರೂ ಇಂಗ್ಲಿಷಿನ ಪರೀಕ್ಷೆಯೊಂದನ್ನು ಕೊಡಬೇಕು. ಐಇಎಲ್‌ಟಿಎಸ್ ಎಂಬುದು ಒಂದು. ಅದರಲ್ಲಿ ಕೇಳುವುದು, ಓದುವುದು, ಮಾತನಾಡುವುದು ಈ ಮೂರರಲ್ಲಿಯೂ ಒಂಬತ್ತಕ್ಕೆ 7, ಬರೆಯುವುದರಲ್ಲಿ 6.5 ಅಂಕ ಬೇಕು. 2018ರ ಕೊನೆಯವರೆಗೆ ಬರವಣಿಗೆಗೂ 7 ಬೇಕಾಗಿತ್ತು. ಆ ಅರ್ಧ ಅಂಕಕ್ಕಾಗಿ ಪರೀಕ್ಷೆಯ ಮೇಲೆ ಪರೀಕ್ಷೆ ಕೊಟ್ಟು, ಪ್ರತಿಸಲವೂ ಸಾವಿರಾರು ರೂಪಾಯಿಗಳ ಶುಲ್ಕ ತೆತ್ತು ಕಂಗೆಟ್ಟವರು ಬೆಂಗಳೂರಿನ ಕೋಚಿಂಗ್ ಸೆಂಟರುಗಳಲ್ಲಿ ಬೇಕಾದಷ್ಟಿದ್ದರು. ಇಂಗ್ಲಿಷ್ ಮನೆಮಾತಾಗಿರುವ ಆಸ್ಟ್ರೇಲಿಯದ ದಾದಿಯರೇ ಅದರಲ್ಲಿ ತೇರ್ಗಡೆಯಾಗಲಿಲ್ಲವೆಂಬ ಸುದ್ದಿಗಳು ಬಂದ ಮೇಲೆ ಈ ಬಿಗಿಯನ್ನು ಸಡಿಲಿಸಲಾಯಿತು. ಎರಡನೆಯ ಪರೀಕ್ಷೆ ಓ.ಇ.ಟಿ.; ಆರೋಗ್ಯವೃತ್ತಿಯವರಿಗಾಗಿಯೇ ಆಸ್ಟ್ರೇಲಿಯದಲ್ಲಿ ರೂಪುಗೊಂಡ ಇದನ್ನು ಎನ್.ಎಂ.ಸಿ. 2017ರಿಂದ ಒಪ್ಪಿಕೊಂಡಿದೆ. ನನ್ನ ಅಭಿಪ್ರಾಯದಲ್ಲಿ ಇದೇ ಹೆಚ್ಚು ವಿವೇಕಯುಕ್ತವಾದದ್ದು. ಐಇಎಲ್‌ಟಿಎಸ್ಸಿನಲ್ಲಿ ದಾದಿಯು ನಗರಗಳ ಬೆಳವಣಿಗೆಯನ್ನೋ ಮಕ್ಕಳ ಮೊಬೈಲ್ ಚಟವನ್ನೋ ಕುರಿತು 250 ಶಬ್ದಗಳ ಪ್ರಬಂಧ ಬರೆಯಬೇಕಾಗಬಹುದು; ಓ.ಇ.ಟಿ.ಯಲ್ಲಾದರೋ ರೋಗಿಯೊಬ್ಬನ ಕೇಸ್ ಶೀಟಿನ ಟಿಪ್ಪಣಿಗಳನ್ನು ಐದು ನಿಮಿಷ ಓದಿ, ಅದರಲ್ಲಿ ಬೇಕಾದದ್ದನ್ನು ಆರಿಸಿ ಬೇಡವಾದದ್ದನ್ನು ಬಿಟ್ಟು, ನಲವತ್ತು ನಿಮಿಷಗಳಲ್ಲಿ ಮುಂದಿನ ಆರೈಕೆ ಮಾಡುವವರಿಗೆ ಕಾಗದವೊಂದನ್ನು ಬರೆಯಬೇಕು. ಹತ್ತು ವರ್ಷ ಕೇಸ್ ಶೀಟು ಬರೆದ ಕೈಗೆ ಈ ಕೆಲಸದ ಪರಿಚಯವಿರುತ್ತದೆ.

ಭಾಷೆಯ ಹೊಳೆ ದಾಟಿದವರಿಗೆ ಕಾಗದಪತ್ರಗಳ ಕಾಡು ಎದುರಾಗುತ್ತದೆ. ಇಲ್ಲಿನ ಪರಿಷತ್ತು ಅಭ್ಯರ್ಥಿಯ ನೋಂದಣಿ ನಿಜವಾದದ್ದೆಂದು ನೇರವಾಗಿ ಅಲ್ಲಿನ ಪರಿಷತ್ತಿಗೆ ತಿಳಿಸಬೇಕು. ಪೊಲೀಸರ ನಿರಾಕ್ಷೇಪಣಾ ಪತ್ರ ಬೇಕು. ಆರೋಗ್ಯದ ದೃಢೀಕರಣ ಬೇಕು. ಇಲ್ಲಿ ನಮ್ಮವರನ್ನು ವಿಶೇಷವಾಗಿ ಕಾಡುವುದು ಹೆಸರಿನ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಮುಂದೆ ನಿಂತಿರುತ್ತವೆ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಅವೇ ಅಕ್ಷರಗಳು ಹಿಂದಕ್ಕೆ ಹೋಗಿರುತ್ತವೆ. ಪಾಸ್‌ಪೋರ್ಟಿನವರು ಅವನ್ನು ಬಿಡಿಸಿ ಬರೆದಿರುತ್ತಾರೆ. ಮದುವೆಯಾಗಿದ್ದರೆ ಆಧಾರಿನಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ. ನಮಗೆ ನಾಲ್ಕೂ ಒಬ್ಬಳೇ. ಕಡಲಾಚೆಯ ಗುಮಾಸ್ತನಿಗೆ ನಾಲ್ವರು. ನೋಟರಿಯ ಬಳಿ ಅಫಿಡವಿಟ್ ಮಾಡಿಸಿ ಆ ನಾಲ್ವರನ್ನು ಒಬ್ಬಳನ್ನಾಗಿಸುವುದರೊಳಗೆ ತಿಂಗಳುಗಳು ಕಳೆದರೆ ಆಶ್ಚರ್ಯವಿಲ್ಲ. ಹೊರದೇಶದ ಯೋಚನೆಯಿರುವವರು ಕಾಲೇಜು ಸೇರುವಾಗಲೇ ಹೆಸರನ್ನು ಒಂದೇ ರೂಪದಲ್ಲಿ ನಿಲ್ಲಿಸಿಕೊಳ್ಳುವುದು ಕ್ಷೇಮ.

ಅನಂತರ ವೃತ್ತಿಯ ಪರೀಕ್ಷೆ. 2014ರಿಂದ ಬ್ರಿಟನ್ ಇದನ್ನು ಎರಡು ಭಾಗಗಳಾಗಿ ನಡೆಸುತ್ತಿದೆ. ಮೊದಲನೆಯದು ಕಂಪ್ಯೂಟರಿನ ಮುಂದೆ ಕುಳಿತು ಕೊಡುವ ಸಿ.ಬಿ.ಟಿ.; ನಮ್ಮ ದೇಶದಲ್ಲಿಯೇ ಇದನ್ನು ಮುಗಿಸಬಹುದು. ಇದರಲ್ಲಿ ಲೆಕ್ಕದ 15 ಪ್ರಶ್ನೆಗಳೂ ಶುಶ್ರೂಷೆಯ 100 ಪ್ರಶ್ನೆಗಳೂ ಇರುತ್ತವೆ. ಲೆಕ್ಕವೆಂದರೆ ಬೀಜಗಣಿತವಲ್ಲ: ಒಂದು ಲೀಟರ್ ದ್ರವವನ್ನು ಎಂಟು ಗಂಟೆಗಳಲ್ಲಿ ಏರಿಸಬೇಕಾದರೆ ಗಂಟೆಗೆ ಎಷ್ಟು ಮಿಲಿಲೀಟರ್ ಹೋಗಬೇಕು ಎಂಬ ಬಗೆಯದು. ಉತ್ತರ 125. ಆದರೆ ಆರಿಸಿಕೊಳ್ಳಲು ನಾಲ್ಕು ಉತ್ತರಗಳನ್ನು ಕೊಟ್ಟಿರುವುದಿಲ್ಲ. ತಾನೇ ಲೆಕ್ಕ ಹಾಕಿ ಬರೆಯಬೇಕು, ಏಕೆಂದರೆ ವಾರ್ಡಿನಲ್ಲಿಯೂ ಯಾರೂ ನಾಲ್ಕು ಉತ್ತರಗಳನ್ನು ಮುಂದಿಡುವುದಿಲ್ಲ. ಈ ಪರೀಕ್ಷೆಗೂ ಕಳಂಕ ತಟ್ಟದೆ ಹೋಗಲಿಲ್ಲ. ನೈಜೀರಿಯದ ಇಬಾದಾನ್ ನಗರದ ಕೇಂದ್ರವೊಂದರಲ್ಲಿ ಅಭ್ಯರ್ಥಿಗಳು ಅಸಹಜವಾದ ವೇಗದಲ್ಲಿ ಉತ್ತರಿಸಿದ್ದುದು 2023ರಲ್ಲಿ ಬಯಲಾಗಿ, ಅಲ್ಲಿ ಬರೆದವರೆಲ್ಲರ ಫಲಿತಾಂಶವೂ ಸಂಶಯಕ್ಕೊಳಗಾಯಿತು. ಪ್ರಾಮಾಣಿಕವಾಗಿ ಬರೆದವರು ಕೂಡ ಮತ್ತೆ ಬರೆದು ತಮ್ಮನ್ನು ತಾವು ಸಾಬೀತುಪಡಿಸಬೇಕಾಯಿತು.

ಎರಡನೆಯ ಭಾಗಕ್ಕೆ ಬ್ರಿಟನ್ನಿಗೇ ಹೋಗಬೇಕು. ಇದನ್ನು ದಾದಿಯರು ಆಸ್ಕಿ ಎನ್ನುತ್ತಾರೆ. ನಾರ್ಥಾಂಪ್ಟನ್, ಆಕ್ಸ್‌ಫರ್ಡ್, ಲೀಡ್ಸ್ ಮೊದಲಾದ ಕೆಲವೇ ಕೇಂದ್ರಗಳಲ್ಲಿ ಇದು ನಡೆಯುತ್ತದೆ. ಹತ್ತು ಸ್ಟೇಷನ್ನುಗಳು: ನಾಲ್ಕರಲ್ಲಿ ಒಬ್ಬನೇ ರೋಗಿಯ ಸ್ಥಿತಿಯನ್ನು ಅರಿಯುವುದು, ಆರೈಕೆಯನ್ನು ಯೋಜಿಸುವುದು, ಅದನ್ನು ನಡೆಸುವುದು, ಕೊನೆಗೆ ಅವನನ್ನು ಮುಂದಿನವರಿಗೆ ಒಪ್ಪಿಸುವುದು, ಇನ್ನು ನಾಲ್ಕರಲ್ಲಿ ಗಾಯಕ್ಕೆ ಡ್ರೆಸ್ಸಿಂಗ್, ಇಂಜೆಕ್ಷನ್ ಮೊದಲಾದ ಕೈಕೆಲಸಗಳು, ಉಳಿದೆರಡು ಬರವಣಿಗೆಯವು. ಇದರೊಳಗಿನ ಒಂದನ್ನು, ಔಷಧ ಕೊಡುವ ಸ್ಟೇಷನ್ನನ್ನು, ತುಸು ಹತ್ತಿರದಿಂದ ನೋಡೋಣ.

ಮಂಚದ ಮೇಲೆ ರೋಗಿಯ ಪಾತ್ರ ವಹಿಸಿದ ನಟನೊಬ್ಬನಿದ್ದಾನೆ. ಮೂಲೆಯಲ್ಲಿ ಪರೀಕ್ಷಕರು ಕುಳಿತಿದ್ದಾರೆ. ಮೇಜಿನ ಮೇಲೆ ಔಷಧಗಳ ಚಾರ್ಟು, ಮಾತ್ರೆಗಳ ಪೊಟ್ಟಣ, ನೀರಿನ ಲೋಟ. ನಮ್ಮ ವಾರ್ಡಿನಲ್ಲಾದರೆ ಇದು ಅರ್ಧ ನಿಮಿಷದ ಕೆಲಸ. ಇಲ್ಲಿ ದಾದಿ ಮೊದಲು ಕೈ ಶುಚಿಮಾಡಿಕೊಳ್ಳಬೇಕು. ತನ್ನ ಹೆಸರನ್ನೂ ತಾನು ಯಾರೆಂಬುದನ್ನೂ ಹೇಳಬೇಕು. ನಿಮ್ಮನ್ನು ಹೇಗೆ ಕರೆಯಲಿ ಎಂದು ಕೇಳಬೇಕು. ಅವನ ಬಾಯಿಂದಲೇ ಹೆಸರು, ಹುಟ್ಟಿದ ದಿನಗಳನ್ನು ಹೇಳಿಸಿ, ಮುಂಗೈಗೆ ಕಟ್ಟಿದ ಪಟ್ಟಿಯೊಡನೆಯೂ ಚಾರ್ಟಿನೊಡನೆಯೂ ತಾಳೆ ನೋಡಬೇಕು. ಯಾವುದಾದರೂ ಔಷಧ ಒಗ್ಗುವುದಿಲ್ಲವೇ ಎಂದು ವಿಚಾರಿಸಬೇಕು. ಔಷಧದ ಹೆಸರು, ಪ್ರಮಾಣ, ಮಾರ್ಗ, ವೇಳೆ, ಬರೆದವರ ಸಹಿ, ಅವಧಿ ಮುಗಿಯುವ ದಿನಾಂಕ ಇವೆಲ್ಲವನ್ನೂ ನೋಡಿ, ಇದು ಯಾತಕ್ಕೆ ಎಂದು ತಿಳಿಸಿ, ಅವನ ಒಪ್ಪಿಗೆ ಪಡೆದು, ಅವನು ನುಂಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಸಹಿ ಹಾಕಬೇಕು. ಚಾರ್ಟಿನಲ್ಲೊಂದು ಕಡೆ ಬಲೆ ಒಡ್ಡಿರುವುದೂ ಉಂಟು: ಪೆನಿಸಿಲಿನ್ ಒಗ್ಗದವನಿಗೆ ಅದೇ ವರ್ಗದ ಔಷಧವೊಂದನ್ನು ಬರೆದಿರಬಹುದು. ಅದನ್ನು ಗಮನಿಸದೆ ಕೊಟ್ಟಳೋ, ಉಳಿದದ್ದೆಲ್ಲ ಸೊಗಸಾಗಿದ್ದರೂ ಆ ಸ್ಟೇಷನ್ನಿನಲ್ಲಿ ಅವಳು ಸೋತಂತೆಯೇ ಸರಿ.

ಇದನ್ನು ನಾಟಕವೆಂದು ಹಳಿಯುವ ಅನುಭವಸ್ಥರುಂಟು. ಮೂವತ್ತು ನಲವತ್ತು ರೋಗಿಗಳನ್ನು ಒಬ್ಬಳೇ ನೋಡಿಕೊಳ್ಳುವ ರಾತ್ರಿಪಾಳಿಯಲ್ಲಿ ಇಷ್ಟೆಲ್ಲ ಉಪಚಾರದ ಮಾತಿಗೆ ಎಡೆಯೆಲ್ಲಿ ಎಂಬ ಅವರ ಮಾತೂ ಸುಳ್ಳಲ್ಲ. ಅಜ್ಜೀ, ಸ್ವಲ್ಪ ಕೈ ಚಾಚಿ, ಇರುವೆ ಕಚ್ಚಿದಂಗೆ ಆಗುತ್ತೆ ಅಷ್ಟೆ ಎನ್ನುತ್ತ ಇಂಜೆಕ್ಷನ್ ಕೊಟ್ಟುಬಿಡುವ ನಮ್ಮ ಸಿಸ್ಟರುಗಳ ಆ ಮಾತಿನಲ್ಲಿ ಅಂತಃಕರಣವೇನೂ ಕಡಿಮೆಯಿಲ್ಲ. ಆದರೆ ಆ ಅಜ್ಜಿಯ ಹೆಸರೇನೆಂಬುದನ್ನು ಕೇಳಿರುವುದಿಲ್ಲವಷ್ಟೆ. ಪಕ್ಕದ ಮಂಚದ ಅಜ್ಜಿಯ ಔಷಧ ಈ ಅಜ್ಜಿಗೆ ಹೋಗುವುದು ಇಂತಹ ಸಂದಿನಲ್ಲಿಯೇ. ತಾಳ್ಮೆಯನ್ನೂ ಗೌರವವನ್ನೂ ಪರೀಕ್ಷೆಯಲ್ಲಿ ಅಳೆಯಲಾಗದೆಂದು ನೈಟಿಂಗೇಲ್ ಹೇಳಿದ್ದಳು. ಅಳೆಯಲಾದೀತೇ ನೋಡೋಣವೆಂದು ಅವಳ ದೇಶದವರೇ ಕಟ್ಟಿಕೊಂಡ ಪರೀಕ್ಷೆ ಇದು. ಅಂತರಂಗವನ್ನಲ್ಲದಿದ್ದರೂ ಅಂತರಂಗದಿಂದ ಹೊರಡಬೇಕಾದ ನಡತೆಯನ್ನು ಇದು ಅಳೆಯುತ್ತದೆ. ಇದು ನ್ಯಾಯವಾದ ಪರೀಕ್ಷೆಯೆಂದೇ ನನ್ನ ನಿಶ್ಚಯ. ಇದರಲ್ಲಿ ಒಂದು ಪಾಲನ್ನಾದರೂ ನಮ್ಮ ಕಾಲೇಜುಗಳಲ್ಲಿಯೂ ಕಲಿಸಿದರೆ ಲಾಭ ನಮ್ಮ ಅಜ್ಜಿಯರದೇ.

ಇನ್ನೊಂದು ವ್ಯತ್ಯಾಸವನ್ನು ಹೊರಡುವ ಮೊದಲೇ ತಿಳಿದಿರುವುದು ಒಳ್ಳೆಯದು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಗೆ ಉಣಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಹಿಡಿಯುವುದು ಬಹುಪಾಲು ರೋಗಿಯ ಕಡೆಯವರ ಪಾಲಿಗೆ ಬೀಳುತ್ತದೆ. ಬ್ರಿಟನ್ನಿನ ವಾರ್ಡಿನಲ್ಲಿ ಕಡೆಯವರು ಭೇಟಿಯ ಹೊತ್ತಿಗೆ ಬಂದು ಹೋಗುವವರು ಮಾತ್ರ. ಈ ಕೆಲಸವೆಲ್ಲ ಅಲ್ಲಿ ಶುಶ್ರೂಷೆಯ ಅಂಗವೇ; ಇದನ್ನು ಕೀಳೆಂದು ತಿಳಿದವರಿಗೆ ಅಲ್ಲಿನ ಮೊದಲ ತಿಂಗಳುಗಳು ಕಷ್ಟವಾಗುತ್ತವೆ.

ಆಸ್ಕಿಯಲ್ಲಿ ಸೋತವರಿಗೆ ಒಂದು ಅರ್ಜಿಯ ಮೇಲೆ ಒಟ್ಟು ಮೂರು ಅವಕಾಶಗಳಿವೆ. ವೀಸಾದ ನಿಯಮದ ಪ್ರಕಾರ, ಕೆಲಸಕ್ಕೆ ಸೇರಿದ ಮೂರು ತಿಂಗಳೊಳಗೆ ಮೊದಲ ಪ್ರಯತ್ನ ಮಾಡಬೇಕು, ಎಂಟು ತಿಂಗಳೊಳಗೆ ನೋಂದಣಿ ಮುಗಿಯಬೇಕು. ಅಲ್ಲಿಯವರೆಗೆ ಕೆಳಗಿನ ದರ್ಜೆಯ ಸಂಬಳ, ಮೇಲ್ವಿಚಾರಣೆಯಡಿಯ ಕೆಲಸ. ತೇರ್ಗಡೆಯಾದ ಮೇಲೆ ಪಿನ್ ಬರುತ್ತದೆ: ಅಂಕಿಗಳೂ ಅಕ್ಷರಗಳೂ ಬೆರೆತ ಒಂದು ಸಂಖ್ಯೆ. ಅದರ ಮೊದಲೆರಡು ಅಂಕಿಗಳು ನೋಂದಣಿಯ ವರ್ಷವನ್ನು ಸೂಚಿಸುತ್ತವೆ. ಕೊನೆಯ ಅಕ್ಷರ ಓ ಎಂದಿದ್ದರೆ ಆಕೆ ಹೊರದೇಶದಲ್ಲಿ ಓದಿದವಳೆಂದರ್ಥ. ಪಿನ್ ಬಂತೆಂಬ ಇ-ಮೇಲಿನ ಚಿತ್ರವನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸದ ದಾದಿ ಅಪರೂಪ. ಇಷ್ಟರಿಂದ ಪರೀಕ್ಷೆ ತೀರಿತೆನ್ನುವಂತಿಲ್ಲ. ಮೂರು ವರ್ಷಕ್ಕೊಮ್ಮೆ 450 ಗಂಟೆಗಳ ಕೆಲಸ, 35 ಗಂಟೆಗಳ ಕಲಿಕೆ ಇತ್ಯಾದಿಗಳ ದಾಖಲೆ ತೋರಿಸಿ ನೋಂದಣಿಯನ್ನು ಉಳಿಸಿಕೊಳ್ಳಬೇಕು. ಈ ಕಟ್ಟಳೆ ಅಲ್ಲಿ ಹುಟ್ಟಿ ಬೆಳೆದವರಿಗೂ ತಪ್ಪಿದ್ದಲ್ಲ.

ಈ ದಾರಿಯ ನಡುವೆ ಸಿಕ್ಕಿಬಿದ್ದವರ ಮಾತನ್ನು ಹೇಳದೆ ಹೋಗುವುದು ಸಲ್ಲದು. ಭಾರತದಲ್ಲಿ ದಾದಿಯರಾಗಿದ್ದು, ಭಾಷೆಯ ಪರೀಕ್ಷೆಯಲ್ಲಿ ಕೂದಲೆಳೆಯಷ್ಟರಲ್ಲಿ ತಪ್ಪಿ, ವೃದ್ಧಾಶ್ರಮಗಳಲ್ಲಿ ಕೇರರ್ ಎಂಬ ಹೆಸರಿನಿಂದ ವರ್ಷಗಟ್ಟಲೆ ದುಡಿದವರು ಬ್ರಿಟನ್ನಿನಲ್ಲಿ ಬಹುಮಂದಿಯಿದ್ದರು. ದಿನವಿಡೀ ಇಂಗ್ಲಿಷಿನಲ್ಲಿಯೇ ಮುದುಕರನ್ನು ಸಂತೈಸುವವರಿಗೆ ಇಂಗ್ಲಿಷ್ ಬಾರದೆನ್ನುವುದು ವಿಚಿತ್ರವೇ ತಾನೆ. ಅವರ ಬಹುಕಾಲದ ಮೊರೆಯ ಫಲವಾಗಿ 2023ರ ಫೆಬ್ರವರಿಯಿಂದ ನಿಯಮ ಬದಲಾಯಿತು: ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಅಥವಾ ಸ್ವಲ್ಪದರಲ್ಲಿ ಅಂಕ ತಪ್ಪಿದವರು, ಅಲ್ಲಿ ಕನಿಷ್ಠ ಒಂದು ವರ್ಷ ಆರೋಗ್ಯಸೇವೆಯಲ್ಲಿ ಕೆಲಸ ಮಾಡಿದ್ದರೆ, ಮೇಲಧಿಕಾರಿಯ ಸಾಕ್ಷ್ಯವನ್ನೂ ಪೂರಕವಾಗಿ ಕೊಡಬಹುದು.

ಬೇರೆ ದೇಶಗಳದು ಬೇರೆ ಬೇರೆ ರೀತಿ. ಅಮೆರಿಕದಲ್ಲಿಯೂ, 2015ರಿಂದ ಕೆನಡದ ಬಹುಭಾಗದಲ್ಲಿಯೂ ಎನ್‌ಕ್ಲೆಕ್ಸ್ ಎಂಬ ಒಂದೇ ಪರೀಕ್ಷೆ; ಅದನ್ನು ಬೆಂಗಳೂರಿನಲ್ಲಿಯೇ ಬರೆಯಬಹುದು. ಅದರ ಕಂಪ್ಯೂಟರ್, ಪ್ರತಿ ಉತ್ತರವನ್ನು ನೋಡಿ ಮುಂದಿನ ಪ್ರಶ್ನೆಯನ್ನು ಆರಿಸಿ, ಅಭ್ಯರ್ಥಿಯ ಯೋಗ್ಯತೆ ನೂರಕ್ಕೆ 95 ಪಾಲು ನಿಶ್ಚಯವಾಯಿತೆನಿಸಿದಾಗ ತಾನೇ ನಿಂತುಬಿಡುತ್ತದೆ. ಪ್ರಶ್ನೆಗಳು 85ರಲ್ಲಿ ಮುಗಿಯಬಹುದು, 150ರವರೆಗೂ ಎಳೆಯಬಹುದು. ಅಲ್ಲಿಗೆ ಹೋಗುವವರ ಓದಿನ ಗಂಟೆಗಂಟೆಯ ಲೆಕ್ಕವನ್ನು ಕಾಲೇಜೂ, ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ದೃಢೀಕರಿಸಿ ಕೊಡಬೇಕಾಗುತ್ತದೆ. ಆದರೆ ಪರೀಕ್ಷೆ ಗೆದ್ದ ಮಾತ್ರಕ್ಕೆ ವಿಮಾನ ಹತ್ತಿದಂತಲ್ಲ: ಭಾರತದಲ್ಲಿ ಹುಟ್ಟಿದವರಿಗೆ ಅಮೆರಿಕದ ಶಾಶ್ವತ ವಾಸದ ವೀಸಾಕ್ಕೆ ಹತ್ತು ವರ್ಷಕ್ಕೂ ಮೀರಿದ ಸರತಿಯಿದೆ. ಜರ್ಮನಿ ಬಿ-2 ಮಟ್ಟದ ಜರ್ಮನ್ ಭಾಷೆಯನ್ನು ಕೇಳುತ್ತದೆ. ಕೊಲ್ಲಿಯ ದೇಶಗಳು ಡೇಟಾಫ್ಲೋ ಎಂಬ ದಾಖಲೆ ಪರಿಶೀಲನೆಯನ್ನೂ ಪ್ರೊಮೆಟ್ರಿಕ್ ಎಂದು ನಮ್ಮವರು ಕರೆಯುವ ಪರೀಕ್ಷೆಯನ್ನೂ ಮುಗಿಸಿದವರನ್ನು ಬೇಗನೆ ಕರೆಸಿಕೊಳ್ಳುತ್ತವೆ.

ಹೋಗುವ ಕಾರಣವನ್ನು ಕೆದಕಬೇಕಾದ ಅಗತ್ಯವಿಲ್ಲ. ಸರ್ವೋಚ್ಚ ನ್ಯಾಯಾಲಯದ 2016ರ ಆದೇಶದ ಮೇರೆಗೆ ರಚಿತವಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯ ತಿಂಗಳ ಸಂಬಳ 20 ಸಾವಿರ ರೂಪಾಯಿಗಿಂತ ಕಡಿಮೆಯಿರಬಾರದೆಂದು ಹೇಳಿತು. ಹಾಗೆ ಹೇಳಬೇಕಾಯಿತೆಂಬುದರಲ್ಲಿಯೇ ನಮ್ಮ ಸ್ಥಿತಿ ತಿಳಿಯುತ್ತದೆ. ಅತ್ತ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಯಲ್ಲಿ ಪಿನ್ ಬಂದ ದಾದಿಯ ಆರಂಭದ ವೇತನ 2024ರಲ್ಲಿ ವರ್ಷಕ್ಕೆ ಸುಮಾರು 30 ಸಾವಿರ ಪೌಂಡ್. ಈ ಅಂತರವನ್ನೇ ಬಂಡವಾಳ ಮಾಡಿಕೊಂಡವರು ಏಜೆಂಟರು. ಪರೀಕ್ಷೆಗಳನ್ನು ನಾನು ನ್ಯಾಯವಾದವೆಂದೆ. ಪರೀಕ್ಷೆಯ ಬಾಗಿಲಿನವರೆಗಿನ ಈ ದಾರಿಯನ್ನು ಹಾಗೆನ್ನಲಾರೆ. ಬ್ರಿಟನ್ನಿನ ಸರಕಾರದ ನೇಮಕಾತಿ ಸಂಹಿತೆಯ ಪ್ರಕಾರ ಕೆಲಸ ಕೊಡಿಸುವುದಕ್ಕೆಂದು ದಾದಿಯಿಂದ ಹಣ ಪಡೆಯುವಂತಿಲ್ಲ. ಆ ಖರ್ಚು ಕೆಲಸ ಕೊಡುವವರದು. ನಮ್ಮ ದೇಶದ ನಿಯಮದಲ್ಲಿಯೂ ನೋಂದಾಯಿತ ಏಜೆಂಟನ ಸೇವಾಶುಲ್ಕಕ್ಕೆ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿಯಿದೆ. ಆದರೂ ಹೊಲ ಅಡವಿಟ್ಟು, ಒಡವೆ ಮಾರಿ, ಲಕ್ಷಗಟ್ಟಲೆ ತೆತ್ತವರು ನಮ್ಮ ಹಳ್ಳಿಗಳಲ್ಲಿದ್ದಾರೆ. ಹಾಗೆ ತೆತ್ತು ಹೋದ ಮೇಲೆ ಕೆಲಸವೇ ಇಲ್ಲವೆಂದು ತಿಳಿದವರೂ ಇದ್ದಾರೆ.

ಎನ್.ಎಂ.ಸಿ. ನೋಂದಣಿಗಾಗಿ ತೆರಬೇಕಾದ ಹಣ ಗುಟ್ಟಿನದೇನಲ್ಲ. 2024ರ ದರದಲ್ಲಿ ಅರ್ಜಿಗೆ 140, ಸಿ.ಬಿ.ಟಿ.ಗೆ 83, ಆಸ್ಕಿಗೆ 794, ಹೆಸರು ಏರಿಸುವುದಕ್ಕೆ 153, ಒಟ್ಟು 1,170 ಪೌಂಡ್. ಇದರ ಬಹುಪಾಲನ್ನು ಒಳ್ಳೆಯ ಆಸ್ಪತ್ರೆಗಳು ತಾವೇ ಭರಿಸುತ್ತವೆ. 2024ರಿಂದೀಚೆಗೆ ಬ್ರಿಟನ್ನಿನ ಆಸ್ಪತ್ರೆಗಳು ಹೊರಗಿನವರ ನೇಮಕವನ್ನು ಬಹಳವಾಗಿ ತಗ್ಗಿಸಿವೆಯೆಂಬುದನ್ನೂ ಮರೆಯತಕ್ಕದ್ದಲ್ಲ, ಸಿ.ಬಿ.ಟಿ. ಗೆದ್ದು ಕೈಯಲ್ಲಿ ಫಲಿತಾಂಶ ಹಿಡಿದು ಕರೆಗಾಗಿ ಕಾಯುತ್ತಿರುವವರು ಈಗ ಹೆಚ್ಚು. ಆದಕಾರಣ ಈ ದಾರಿ ಹಿಡಿಯಬೇಕೆಂದಿರುವ ತಂಗಿಯರೂ ತಮ್ಮಂದಿರೂ ನಿಯಮಗಳನ್ನು ಆಯಾ ದೇಶದ ಪರಿಷತ್ತಿನಿಂದಲೇ ತಿಳಿದುಕೊಳ್ಳಲಿ. ಏಜೆಂಟನು ನೋಂದಾಯಿತನೇ ಎಂಬುದನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಲಿ. ಆಸ್ಪತ್ರೆಯ ಹೆಸರು, ಹುದ್ದೆ, ಸಂಬಳಗಳನ್ನೂ, ಮಧ್ಯದಲ್ಲಿ ಬಿಟ್ಟರೆ ಹಿಂತಿರುಗಿಸಬೇಕಾದ ಹಣವನ್ನೂ ಬರವಣಿಗೆಯಲ್ಲಿ ಕಾಣುವ ಮೊದಲು ಯಾರ ಕೈಗೂ ಒಂದು ರೂಪಾಯಿಯನ್ನೂ ಕೊಡದಿರಲಿ.